ದೋಷವಿಲ್ಲ, ಆದರೂ ನಿಲ್ ಅಲ್ಲ: ಗೋ ಭಾಷೆಯ ಇಂಟರ್‌ಫೇಸ್ ಓಡುವಾಗ ಏನನ್ನು ನೋಡುತ್ತದೆ?

ಮಳೆಹನಿ | ಸೋಮವಾರ, ರಾತ್ರಿ 10:20

ಎಲ್ಲರಿಗೂ ನಮಸ್ಕಾರ. ಗೋ ಭಾಷೆಯಲ್ಲಿ ಕೆಲಸ ಹಿಡಿದು ಎಂಟು ತಿಂಗಳಾಯಿತು. (ಶೀರ್ಷಿಕೆ ನೋಡಿ ಗೋಶಾಲೆಯ ವಿಷಯ ಎಂದುಕೊಂಡು ಒಳಗೆ ಬಂದವರು ಮನ್ನಿಸಬೇಕು.) ಮೊಬೈಲ್‌ನಿಂದ ಬರೆಯುತ್ತಿದ್ದೇನೆ, ಕೋಡ್ ಅಂಟಿಸುವುದು ಕಷ್ಟ. ಮಾತಿನಲ್ಲೇ ಹೇಳುತ್ತೇನೆ.

ರಸೀದಿಯೊಂದನ್ನು ಪರಿಶೀಲಿಸುವ ಫಂಕ್ಷನ್ ಬರೆದಿದ್ದೇನೆ. ಅದರ ರಿಟರ್ನ್ ಟೈಪ್ ಎರರ್. ನಮ್ಮದೇ ಒಂದು ಎರರ್ ಸ್ಟ್ರಕ್ಟ್ ಇದೆ. ಯಾವ ಕಾಲಂನಲ್ಲಿ ತಪ್ಪು, ಏನು ತಪ್ಪು ಎಂಬ ಎರಡು ಫೀಲ್ಡ್‌ಗಳು ಅದರಲ್ಲಿವೆ. ಫಂಕ್ಷನ್‌ನ ಮೊದಲ ಸಾಲಿನಲ್ಲೇ ಆ ಸ್ಟ್ರಕ್ಟ್‌ಗೆ ಒಂದು ಪಾಯಿಂಟರ್ (ಅದರ ವಿಳಾಸ ಹಿಡಿಯುವ ವೇರಿಯಬಲ್) ಘೋಷಿಸಿಕೊಂಡಿದ್ದೇನೆ. ತಪ್ಪು ಕಂಡರೆ ಅದಕ್ಕೆ ಹೊಸ ಸ್ಟ್ರಕ್ಟ್ ಕೊಡುತ್ತೇನೆ, ಕಾಣದಿದ್ದರೆ ಅದು ನಿಲ್ ಆಗಿಯೇ, ಅಂದರೆ ಏನನ್ನೂ ತೋರಿಸದೆ ಖಾಲಿಯಾಗಿಯೇ, ಉಳಿಯುತ್ತದೆ. ಕೊನೆಯ ಸಾಲಿನಲ್ಲಿ ಆ ಪಾಯಿಂಟರ್ ಅನ್ನೇ ರಿಟರ್ನ್ ಮಾಡುತ್ತೇನೆ. ಇಷ್ಟೇ.

ಕರೆಯುವ ಕಡೆ, ಎರರ್ ನಿಲ್ ಅಲ್ಲದಿದ್ದರೆ ರಸೀದಿಯನ್ನು ತಿರಸ್ಕರಿಸು ಎಂದಿದೆ. ಇಂದು ಮಧ್ಯಾಹ್ನದಿಂದ ಎಲ್ಲ ರಸೀದಿಗಳೂ ತಿರಸ್ಕಾರವಾಗುತ್ತಿವೆ. ಲಾಗ್ ತೆರೆದು ನೋಡಿದರೆ ಸಾಲುಸಾಲಾಗಿ ಇದೇ ಬರಹ: «ರಸೀದಿಯಲ್ಲಿ ದೋಷ: ನಿಲ್».

ನಿಲ್ ಅಲ್ಲ ಎಂದು ಒಳಗೆ ಬಿಟ್ಟುಕೊಂಡದ್ದು ಇದೇ ಪ್ರೋಗ್ರಾಂ, ಅದನ್ನು ನಿಲ್ ಎಂದು ಮುದ್ರಿಸುತ್ತಿರುವುದೂ ಇದೇ ಪ್ರೋಗ್ರಾಂ. ನನಗೆ ಹುಚ್ಚು ಹಿಡಿದಿದೆಯೇ, ಕಂಪೈಲರ್‌ಗೋ?

ಹಳೇ ಕೀಲಿಮಣೆ | ಸೋಮವಾರ, ರಾತ್ರಿ 10:52

ಇಬ್ಬರಿಗೂ ಇಲ್ಲ. ಗೋ ಕಲಿತವರೆಲ್ಲ ಒಮ್ಮೆಯಾದರೂ ಎಡವುವ ಕಲ್ಲು ಇದು. ಭಾಷೆಯ ಅಧಿಕೃತ ಪ್ರಶ್ನೋತ್ತರ ಪುಟದಲ್ಲಿ ಇದಕ್ಕೆ ಪ್ರತ್ಯೇಕ ಪ್ರಶ್ನೆಯೇ ಇದೆ ಎಂದರೆ ಎಷ್ಟು ಮಂದಿ ಎಡವಿರಬೇಕು ಯೋಚಿಸಿ.

ಇಂಟರ್‌ಫೇಸ್ ಎಂದರೆ ಮೆಥಡ್‌ಗಳ (ಟೈಪ್‌ಗೆ ಅಂಟಿದ ಫಂಕ್ಷನ್‌ಗಳ) ಒಂದು ಪಟ್ಟಿ, ಅವೆಲ್ಲ ಇರುವ ಯಾವ ವಸ್ತುವನ್ನೂ ಅದರೊಳಗೆ ಇಡಬಹುದು. ಎರರ್ ಕೂಡ ಒಂದು ಇಂಟರ್‌ಫೇಸ್. ಇಂಟರ್‌ಫೇಸ್ ಟೈಪಿನ ವೇರಿಯಬಲ್ ಮೆಮೊರಿಯ ಒಂದು ಪದದಷ್ಟು (ವರ್ಡ್) ಜಾಗದಲ್ಲಿ ಕೂರುವುದಿಲ್ಲ, ಎರಡು ಪದಗಳಲ್ಲಿ ಕೂರುತ್ತದೆ. 64 ಬಿಟ್ ಯಂತ್ರದಲ್ಲಿ ಒಟ್ಟು 16 ಬೈಟ್. ಮೊದಲ ಅರ್ಧ «ಒಳಗಿರುವುದು ಯಾವ ಟೈಪ್» ಎಂದು ಹೇಳುತ್ತದೆ, ಎರಡನೆಯ ಅರ್ಧ ಆ ವಸ್ತುವನ್ನು ತೋರಿಸುತ್ತದೆ. ಎರಡೂ ಖಾಲಿ ಇದ್ದಾಗ ಮಾತ್ರ ಇಂಟರ್‌ಫೇಸ್ ನಿಲ್‌ಗೆ ಸಮ.

ನಿಮ್ಮ ಪಾಯಿಂಟರ್ ನಿಲ್ ಆಗಿರಬಹುದು. ಆದರೆ ಅದಕ್ಕೆ ಟೈಪ್ ಇದೆಯಲ್ಲ? ಎರರ್ ಎಂಬ ಇಂಟರ್‌ಫೇಸ್ ಒಳಗೆ ಅದನ್ನು ಹಾಕಿದ ಕ್ಷಣವೇ ಮೊದಲ ಅರ್ಧದಲ್ಲಿ ನಿಮ್ಮ ಸ್ಟ್ರಕ್ಟ್ ಪಾಯಿಂಟರ್‌ನ ಟೈಪ್ ಬಂದು ಕುಳಿತಿತು. ಎರಡನೆಯ ಅರ್ಧ ಸೊನ್ನೆ. ವಿಳಾಸ ಬರೆದು, ಗೋಂದು ಹಚ್ಚಿ ಮುಚ್ಚಿದ ಲಕೋಟೆ, ಒಳಗೆ ಕಾಗದವಿಲ್ಲ. «ಅಂಚೆ ಬಂದಿದೆಯೇ» ಎಂದು ಕೇಳಿದರೆ ಬಂದಿದೆ ಎನ್ನುವುದೇ ಸರಿಯಾದ ಉತ್ತರ.

ಲಾಗ್‌ನಲ್ಲಿ ನಿಲ್ ಎಂದು ಬಂದದ್ದಕ್ಕೆ ಕಾರಣ ಬೇರೆ, ಅದು ಇನ್ನೂ ಸೊಗಸು. ಮುದ್ರಿಸುವ ಪ್ಯಾಕೇಜ್ ನಿಮ್ಮ ಎರರ್ ಮೆಥಡ್ ಅನ್ನು ಕರೆಯಿತು. ಅದು ನಿಲ್ ಪಾಯಿಂಟರ್‌ನ ಫೀಲ್ಡ್ ಓದಲು ಹೋಗಿ ಪ್ಯಾನಿಕ್ (ಯಾರೂ ಹಿಡಿಯದಿದ್ದರೆ ಪ್ರೋಗ್ರಾಂ ಅನ್ನೇ ನಿಲ್ಲಿಸುವ ದೋಷ) ಆಯಿತು. ಮುದ್ರಿಸುವ ಪ್ಯಾಕೇಜ್ ಆ ಪ್ಯಾನಿಕ್ ಅನ್ನು ಹಿಡಿದು, ವಸ್ತು ನಿಲ್ ಪಾಯಿಂಟರ್ ಎಂದು ಕಂಡುಕೊಂಡು, ಸದ್ದಿಲ್ಲದೆ ನಿಲ್ ಎಂದು ಬರೆದುಬಿಟ್ಟಿತು. ಒಳ್ಳೆಯದು ಮಾಡಲು ಹೋಗಿ ನಿಮ್ಮನ್ನು ಇಡೀ ಮಧ್ಯಾಹ್ನ ಅಲೆಸಿತು. ಲಾಗ್‌ನಲ್ಲಿ ವಸ್ತುವಿನ ಜತೆ ಟೈಪ್ ಅನ್ನೂ ಮುದ್ರಿಸುವ ಅಭ್ಯಾಸ ಮಾಡಿಕೊಳ್ಳಿ, ಶೇಕಡಾ ಚಿಹ್ನೆಯ ಪಕ್ಕ ದೊಡ್ಡಕ್ಷರದ ಟಿ.

ಮದ್ದು: ಕೊನೆಯ ಸಾಲಿನಲ್ಲಿ ಪಾಯಿಂಟರ್ ಅನ್ನು ರಿಟರ್ನ್ ಮಾಡಬೇಡಿ. ತಪ್ಪಿಲ್ಲದಿದ್ದರೆ ನಿಲ್ ಎಂಬ ಪದವನ್ನೇ ಬರೆದು ರಿಟರ್ನ್ ಮಾಡಿ.

ಮಳೆಹನಿ | ಸೋಮವಾರ, ರಾತ್ರಿ 11:15

ಸರ್, ಒಂದು ಸಾಲು ಬದಲಾಯಿಸಿದೆ, ಎಲ್ಲ ರಸೀದಿಗಳೂ ಪಾಸಾದವು. ಧನ್ಯವಾದ. ಟೈಪ್ ಮುದ್ರಿಸಿ ನೋಡಿದೆ, ನಮ್ಮ ಸ್ಟ್ರಕ್ಟ್‌ನ ಹೆಸರು ನಕ್ಷತ್ರ ಚಿಹ್ನೆಯ ಸಮೇತ ಬಂತು. ಲಕೋಟೆಯ ಮೇಲಿನ ವಿಳಾಸ!

ಮೊದಲ ಬೆಂಚು | ಮಂಗಳವಾರ, ಬೆಳಿಗ್ಗೆ 7:05

ನಾನು ಇನ್ನೂ ಕಾಲೇಜಿನಲ್ಲಿದ್ದೇನೆ, ನಮಗೆ ಜಾವಾ ಇದೆ. ಜಾವಾದಲ್ಲಿ ಕ್ಲಾಸ್ ತಾನು ಯಾವ ಇಂಟರ್‌ಫೇಸ್‌ಗೆ ಬದ್ಧ ಎಂದು ಹೆಸರು ಹಿಡಿದು ಬರೆದುಕೊಂಡಿರುತ್ತದೆ. ಗೋದಲ್ಲಿ ಹಾಗೆ ಬರೆಯುವುದೇ ಇಲ್ಲವಂತೆ. ಹಾಗಿದ್ದರೆ ಪ್ರೋಗ್ರಾಂ ಓಡುವಾಗ ಒಂದು ವಸ್ತು ಇಂಟರ್‌ಫೇಸ್‌ಗೆ ಹೊಂದುತ್ತದೆಯೋ ಇಲ್ಲವೋ ಎಂದು ಹೇಗೆ ಗೊತ್ತಾಗುತ್ತದೆ? ಪ್ರತಿ ಸಲವೂ ಎಲ್ಲ ಮೆಥಡ್‌ಗಳನ್ನು ಹುಡುಕುತ್ತದೆಯೇ? ಪ್ರಶ್ನೆ ಬಾಲಿಶವಾಗಿದ್ದರೆ ಕ್ಷಮಿಸಿ.

ಹಳೇ ಕೀಲಿಮಣೆ | ಮಂಗಳವಾರ, ಬೆಳಿಗ್ಗೆ 8:30

ಬಾಲಿಶವಲ್ಲ, ಇಡೀ ವಿಷಯದ ಹೃದಯವೇ ಅದು. ಕಾಫಿ ಮುಗಿಸಿ ಕುಳಿತಿದ್ದೇನೆ, ಸ್ವಲ್ಪ ಉದ್ದ ಬರೆಯುತ್ತೇನೆ.

ಬಹುತೇಕ ಸಂದರ್ಭಗಳಲ್ಲಿ ಓಡುವಾಗ ಹುಡುಕುವ ಪ್ರಮೇಯವೇ ಬರುವುದಿಲ್ಲ. ಫೈಲ್ ಪಾಯಿಂಟರ್ ಒಂದನ್ನು ರೀಡರ್ ಎಂಬ ಇಂಟರ್‌ಫೇಸ್‌ಗೆ ಕೊಟ್ಟರೆ ಎರಡೂ ಟೈಪ್‌ಗಳು ಕಂಪೈಲರ್‌ಗೆ ಗೊತ್ತು. ರೀಡ್ ಎಂಬ ಮೆಥಡ್ ಇದೆಯೇ, ಅದು ತೆಗೆದುಕೊಳ್ಳುವುದು ಮತ್ತು ಕೊಡುವುದು ಅಕ್ಷರಶಃ ಹೊಂದುತ್ತದೆಯೇ ಎಂದು ಅದು ಆಗಲೇ ನೋಡಿ ಮುಗಿಸುತ್ತದೆ. ಜತೆಗೆ ಆ ಜೋಡಿಗೆ ಒಂದು ಪುಟ್ಟ ಕೋಷ್ಟಕ ಮಾಡಿಡುತ್ತದೆ: ಈ ಇಂಟರ್‌ಫೇಸ್, ಈ ಟೈಪ್, ಈ ಮೆಥಡ್‌ಗಳ ವಿಳಾಸ ಇಲ್ಲಿ. ಇದಕ್ಕೆ ರನ್‌ಟೈಮ್ ಕೋಡ್‌ನಲ್ಲಿ (ಪ್ರೋಗ್ರಾಂ ಓಡುವಾಗ ಜತೆಗಿರುವ ಗೋದ ಸ್ವಂತ ಕೋಡ್) ಐಟ್ಯಾಬ್ ಎಂದು ಹೆಸರು. ನಿನ್ನೆ ರಾತ್ರಿ ನಾನು «ಮೊದಲ ಅರ್ಧ ಟೈಪ್ ಹೇಳುತ್ತದೆ» ಎಂದೆನಲ್ಲ, ಮೆಥಡ್‌ಗಳಿರುವ ಇಂಟರ್‌ಫೇಸ್‌ನಲ್ಲಿ ಅಲ್ಲಿ ಕೂರುವುದು ಈ ಐಟ್ಯಾಬ್‌ನ ವಿಳಾಸ. ಮೆಥಡ್‌ಗಳೇ ಇಲ್ಲದ ಖಾಲಿ ಇಂಟರ್‌ಫೇಸ್‌ನಲ್ಲಿ ನೇರವಾಗಿ ಟೈಪ್‌ನ ವಿಳಾಸ. (ಆ ಖಾಲಿ ಇಂಟರ್‌ಫೇಸ್‌ಗೆ 2022ರ ಮಾರ್ಚ್‌ನಲ್ಲಿ ಬಂದ 1.18ನೆಯ ಆವೃತ್ತಿಯಿಂದ ಎನಿ ಎಂಬ ಚಿಕ್ಕ ಹೆಸರು ಸಿಕ್ಕಿದೆ.)

ಓಡುವಾಗ ನಿಜವಾಗಿ ಕೇಳಬೇಕಾಗಿ ಬರುವುದು ನಿಮ್ಮ ಕೈಯಲ್ಲಿ ಎನಿ ಇದ್ದು, «ಒಳಗಿರುವುದಕ್ಕೆ ರೀಡ್ ಬರುತ್ತದೆಯೇ» ಎಂದು ವಿಚಾರಿಸುವಾಗ. ಆಗ ರನ್‌ಟೈಮ್ ಮೊದಲು ತನ್ನ ಹ್ಯಾಶ್ ಕೋಷ್ಟಕದಲ್ಲಿ ಈ ಜೋಡಿ ಮುಂಚೆಯೇ ಇದೆಯೇ ಎಂದು ನೋಡುತ್ತದೆ. ಇಲ್ಲದಿದ್ದರೆ ಹೊಸದಾಗಿ ಕಟ್ಟುತ್ತದೆ. ಇಲ್ಲೊಂದು ಜಾಣತನವಿದೆ. ಇಂಟರ್‌ಫೇಸ್‌ನ ಮೆಥಡ್ ಪಟ್ಟಿ, ಟೈಪ್‌ನ ಮೆಥಡ್ ಪಟ್ಟಿ, ಎರಡೂ ಹೆಸರಿನ ಕ್ರಮದಲ್ಲಿ ಮೊದಲೇ ಜೋಡಿಸಲ್ಪಟ್ಟಿರುತ್ತವೆ. ಹಾಗಾಗಿ ಇಲ್ಲಿ ಪ್ರತಿಯೊಂದನ್ನೂ ಪ್ರತಿಯೊಂದರ ಜತೆ ಹೋಲಿಸುವ ಕೆಲಸವಿಲ್ಲ. ಮದುವೆ ಮನೆಯಲ್ಲಿ ಇಬ್ಬರು ಎರಡು ಆಹ್ವಾನಿತರ ಪಟ್ಟಿ ಹಿಡಿದು, ಅಕಾರಾದಿಯಾಗಿ ಬೆರಳು ಕೆಳಗೆ ಸರಿಸುತ್ತ ಹೋದ ಹಾಗೆ, ಒಂದೇ ಓಟದಲ್ಲಿ ಮುಗಿಯುತ್ತದೆ. ಮೂರು ಮತ್ತು ನೂರು ಮೆಥಡ್‌ಗಳಿದ್ದರೆ ಮುನ್ನೂರು ಹೋಲಿಕೆ ಬೇಡ, ಹೆಚ್ಚೆಂದರೆ ನೂರಮೂರು ಹೆಜ್ಜೆ.

ಸಿಕ್ಕ ಉತ್ತರವನ್ನು ಕೋಷ್ಟಕದಲ್ಲಿ ಇಟ್ಟುಕೊಳ್ಳುತ್ತದೆ. «ಹೊಂದುವುದಿಲ್ಲ» ಎಂಬ ಉತ್ತರವನ್ನೂ ಇಟ್ಟುಕೊಳ್ಳುತ್ತದೆ, ಇದು ಮುಖ್ಯ. ಎರಡನೆಯ ಸಲದಿಂದ ಬರೀ ನೋಡಿ ಹೇಳುವ ಕೆಲಸ. ಇನ್ನು «ಒಳಗಿರುವುದು ಈ ನಿರ್ದಿಷ್ಟ ಸ್ಟ್ರಕ್ಟೇ?» ಎಂದು ಕೇಳಿದರೆ ಇಷ್ಟೂ ಬೇಡ, ಒಂದು ವಿಳಾಸವನ್ನು ಇನ್ನೊಂದರ ಜತೆ ಹೋಲಿಸಿದರೆ ಆಯಿತು.

ನೇರಮಾತು | ಮಂಗಳವಾರ, ಬೆಳಿಗ್ಗೆ 9:48

ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಒದೆಯಿರಿ, ಹೇಳುತ್ತೇನೆ.

ಎಷ್ಟು ಬೇಗ ಆಗುತ್ತದೆ ಎಂಬುದು ನನಗೆ ಮುಖ್ಯವಲ್ಲ. ಓಡುವಾಗ ಕೇಳುವುದೇ ತಪ್ಪು. ನನಗೆ ರೀಡರ್ ಸಾಕು ಎಂದು ಫಂಕ್ಷನ್‌ನ ಬಾಗಿಲಲ್ಲಿ ಬರೆದು ಹಾಕಿ, ಒಳಗೆ ಬಂದವರ ಜೇಬು ತಡಕಿ «ನಿನ್ನ ಹತ್ತಿರ ಇನ್ನೇನಿದೆ» ಎಂದು ಕೇಳುವುದು ಯಾವ ನ್ಯಾಯ? ಆಗ ಬಾಗಿಲ ಮೇಲಿನ ಬರಹಕ್ಕೆ ಅರ್ಥವೇನು? ರಸ್ಟ್ ಭಾಷೆ ನೋಡಿ. ಇಂಟರ್‌ಫೇಸ್‌ಗೆ ಅಲ್ಲಿ ಟ್ರೇಟ್ ಎನ್ನುತ್ತಾರೆ. ಅಲ್ಲಿ ಟ್ರೇಟ್ ಆಬ್ಜೆಕ್ಟ್ ಒಂದನ್ನು ಹಿಡಿದು «ನಿನಗೆ ಇನ್ನೊಂದು ಟ್ರೇಟ್ ಬರುತ್ತದೆಯೇ» ಎಂದು ಕೇಳುವ ದಾರಿಯನ್ನೇ ಭಾಷೆ ಕೊಟ್ಟಿಲ್ಲ. ಅಲ್ಲಿನದೇ ಎನಿ ಎಂಬ ಟ್ರೇಟ್ ಮೂಲಕ ನಿರ್ದಿಷ್ಟ ಟೈಪ್ ಹೌದೋ ಅಲ್ಲವೋ ಎಂದು ಕೇಳಬಹುದು, ಅಷ್ಟೇ. ಆದರೂ ಜನ ಅದರಲ್ಲಿ ದೊಡ್ಡ ದೊಡ್ಡ ಪ್ರೋಗ್ರಾಂಗಳನ್ನು ಬರೆಯುತ್ತಲೇ ಇದ್ದಾರೆ.

ಪಡಸಾಲೆ | ಮಂಗಳವಾರ, ಬೆಳಿಗ್ಗೆ 10:31

ನೇರಮಾತು ಅವರೇ, ಒದೆಯುವುದಿಲ್ಲ, ಆದರೆ ಒಪ್ಪುವುದೂ ಇಲ್ಲ. ಜೇಬು ತಡಕದಿದ್ದರೆ ಗೋದ ಅರ್ಧ ವೇಗ ಹೋಗುತ್ತದೆ.

ಐಓ ಪ್ಯಾಕೇಜ್‌ನ ಕಾಪಿ ಫಂಕ್ಷನ್ ತೆಗೆದುಕೊಳ್ಳಿ. ಅದು ಬೇಡುವುದು ಒಂದು ರೀಡರ್, ಒಂದು ರೈಟರ್. ಒಳಗೆ ಹೋದ ಕೂಡಲೇ ಕೇಳುವ ಮೊದಲ ಪ್ರಶ್ನೆ: ಮೂಲಕ್ಕೆ «ನಾನೇ ಹೋಗಿ ಬರೆದುಬಿಡುತ್ತೇನೆ» ಎಂಬ ರೈಟ್‌ಟು ಮೆಥಡ್ ಇದೆಯೇ? ಇಲ್ಲದಿದ್ದರೆ, ಗುರಿಗೆ «ನಾನೇ ಓದಿಕೊಳ್ಳುತ್ತೇನೆ» ಎಂಬ ರೀಡ್‌ಫ್ರಮ್ ಇದೆಯೇ? ಎರಡೂ ಇಲ್ಲದಿದ್ದರೆ ಮಾತ್ರ 32 ಕಿಲೋಬೈಟ್‌ನ ಒಂದು ಬಫರ್ ತೆಗೆದುಕೊಂಡು ಬಕೆಟ್‌ನಿಂದ ಬಕೆಟ್‌ಗೆ ಸುರಿಯುತ್ತದೆ. ಲಿನಕ್ಸ್‌ನಲ್ಲಿ ಫೈಲ್ ಒಂದನ್ನು ಟಿಸಿಪಿ ಸಂಪರ್ಕಕ್ಕೆ ಕಳಿಸುವಾಗ ಈ ಒಂದು ಪ್ರಶ್ನೆಯಿಂದಾಗಿ ಸೆಂಡ್‌ಫೈಲ್ ಎಂಬ ಸಿಸ್ಟಂ ಕರೆ ಬಳಕೆಗೆ ಬರುತ್ತದೆ. ಡೇಟಾ ನಮ್ಮ ಪ್ರೋಗ್ರಾಂನ ಮೆಮೊರಿಗೆ ಬರುವುದೇ ಇಲ್ಲ, ಕರ್ನೆಲ್ (ಆಪರೇಟಿಂಗ್ ಸಿಸ್ಟಂನ ತಿರುಳು) ಒಳಗೇ ಸಾಗುತ್ತದೆ. ಇದು ರೀಡರ್, ರೈಟರ್ ಎಂಬ ಎರಡು ಹೆಸರುಗಳ ಹಿಂದೆ ಸದ್ದಿಲ್ಲದೆ ನಡೆಯುವ ಕೆಲಸ. ಬಾಗಿಲ ಬರಹ ಕನಿಷ್ಠ ಅರ್ಹತೆ ಮಾತ್ರ. ಹೆಚ್ಚು ಬಲ್ಲವರು ಬಂದರೆ ಅವರ ಕೈಯಲ್ಲಿ ಹೆಚ್ಚಿನ ಕೆಲಸ ಮಾಡಿಸಿಕೊಳ್ಳುವುದರಲ್ಲಿ ತಪ್ಪೇನು?

ನೇರಮಾತು | ಮಂಗಳವಾರ, ಬೆಳಿಗ್ಗೆ 10:40

ಸರಿ. ಆ ಫೈಲ್ ಸುತ್ತ ಯಾರಾದರೂ ಎಷ್ಟು ಬೈಟ್ ಹೋಯಿತು ಎಂದು ಎಣಿಸುವ ಹೊದಿಕೆ ಹಾಕಿದರೆ?

ಪಡಸಾಲೆ | ಮಂಗಳವಾರ, ಬೆಳಿಗ್ಗೆ 11:20

ಹಾಕಿದರೆ ಸೆಂಡ್‌ಫೈಲ್ ಹೋಯಿತು, ನಿಧಾನವಾಗುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ನಿಮ್ಮ ಬಾಣ ತಾಗಿತು, ಒಪ್ಪಿಕೊಳ್ಳುತ್ತೇನೆ. ತಾಗಿದ ಗಾಯವನ್ನೇ ತೋರಿಸುತ್ತೇನೆ.

ಎರಡು ವರ್ಷದ ಹಿಂದೆ ನಾನಿದ್ದ ಕಡೆ ಒಂದು ಪುಟವಿತ್ತು. ವರದಿ ತಯಾರಾಗುತ್ತಿದ್ದ ಹಾಗೆ ಒಂದೊಂದೇ ಸಾಲು ಪರದೆಯ ಮೇಲೆ ಮೂಡಬೇಕು. ಸರ್ವರ್‌ನಲ್ಲಿ ಪ್ರತಿ ಸಾಲು ಬರೆದ ಮೇಲೆ, ರೆಸ್ಪಾನ್ಸ್‌ರೈಟರ್‌ಗೆ (ಬ್ರೌಸರ್‌ಗೆ ಉತ್ತರ ಬರೆಯುವ ಇಂಟರ್‌ಫೇಸ್) «ನಿನಗೆ ಫ್ಲಶ್, ಅಂದರೆ ಬರೆದದ್ದನ್ನು ಕೂಡಲೇ ಕಳಿಸುವುದು, ಬರುತ್ತದೆಯೇ» ಎಂದು ಕೇಳಿ, ಬಂದರೆ ಫ್ಲಶ್ ಮಾಡಿಸುತ್ತಿದ್ದೆ. ಎರಡು ಉತ್ತರ ಪಡೆಯುವ ರೂಪ. ಅಂದರೆ ಇಲ್ಲ ಎಂದರೂ ಪ್ಯಾನಿಕ್ ಆಗುವುದಿಲ್ಲ, ಮುಂದಿನ ಸಾಲಿಗೆ ಹೋಗುತ್ತದೆ. ವರ್ಷವಿಡೀ ಚೆನ್ನಾಗಿ ನಡೆಯಿತು.

ಒಂದು ಶುಕ್ರವಾರ ನಾನೇ ಪ್ರತಿ ಕೋರಿಕೆಯ ಸ್ಟೇಟಸ್ ಕೋಡ್ ಬರೆದಿಡಲು ಒಂದು ಮಿಡಲ್‌ವೇರ್ (ಕೋರಿಕೆಯ ದಾರಿಯಲ್ಲಿ ನಡುವೆ ಕೂರುವ ಕೋಡ್) ಸೇರಿಸಿದೆ. ಸ್ಟ್ರಕ್ಟ್ ಒಂದರೊಳಗೆ ರೆಸ್ಪಾನ್ಸ್‌ರೈಟರ್ ಇಂಟರ್‌ಫೇಸ್ ಅನ್ನು ಹುದುಗಿಸಿ, ರೈಟ್‌ಹೆಡರ್ ಒಂದನ್ನು ಮಾತ್ರ ಬದಲಿಸಿದೆ. ಹತ್ತು ಸಾಲಿನ ಕೆಲಸ, ಟೆಸ್ಟ್‌ಗಳೆಲ್ಲ ಹಸಿರು. ಸೋಮವಾರ ಬಂದರೆ ದೂರು: ಪುಟ ನಲವತ್ತು ಸೆಕೆಂಡ್ ಬಿಳಿಯಾಗಿ ನಿಂತು ಕೊನೆಗೆ ಒಮ್ಮೆಲೇ ಎಲ್ಲ ಸಾಲುಗಳನ್ನೂ ಸುರಿಯುತ್ತಿದೆ.

ಆದದ್ದು ಇಷ್ಟು. ಇಂಟರ್‌ಫೇಸ್ ಅನ್ನು ಹುದುಗಿಸಿದರೆ ಆ ಇಂಟರ್‌ಫೇಸ್‌ನ ಪಟ್ಟಿಯಲ್ಲಿರುವ ಮೂರು ಮೆಥಡ್‌ಗಳು ಮಾತ್ರ ಹೊರಗೆ ಕಾಣುತ್ತವೆ. ಒಳಗೆ ಕುಳಿತ ನಿಜವಾದ ವಸ್ತುವಿಗೆ ಫ್ಲಶ್ ಬರುತ್ತದೆ. ಆದರೆ ಪ್ರಶ್ನೆ ಕೇಳುವುದು ಹೊರಗಿನ ಹೊದಿಕೆಗೆ, ಅದಕ್ಕೆ ಬರುವುದಿಲ್ಲ. «ಇಲ್ಲ» ಎಂಬ ಪ್ರಾಮಾಣಿಕ ಉತ್ತರ ಸಿಕ್ಕಿತು, ನನ್ನ ಕೋಡ್ ಅದನ್ನು ನುಂಗಿಕೊಂಡಿತು. ಎಲ್ಲಿಯೂ ಒಂದು ಎಚ್ಚರಿಕೆಯ ಸಾಲೂ ಇಲ್ಲ.

2023ರ ಫೆಬ್ರವರಿಯಲ್ಲಿ ಬಂದ 1.20ರಲ್ಲಿ ಇದಕ್ಕೆಂದೇ ರೆಸ್ಪಾನ್ಸ್‌ಕಂಟ್ರೋಲರ್ ಸೇರಿಸಿದ್ದಾರೆ. ಹೊದಿಕೆಯಲ್ಲಿ ಅನ್‌ರ‍್ಯಾಪ್ ಎಂಬ ಮೆಥಡ್ ಬರೆದು ಒಳಗಿನದನ್ನು ಕೊಟ್ಟರೆ, ಅದು ಒಂದೊಂದೇ ಪದರ ಬಿಡಿಸಿ ಫ್ಲಶ್ ಬಲ್ಲವರನ್ನು ಹುಡುಕುತ್ತದೆ. ಯಾರಿಗೂ ಬರದಿದ್ದರೆ ಎರರ್ ಕೊಡುತ್ತದೆ, ಮೌನವಾಗಿರುವುದಿಲ್ಲ. ಎರರ್‌ಗಳಿಗೆ ಈ ಪದರ ಬಿಡಿಸುವ ಪದ್ಧತಿ 2019ರಲ್ಲಿ, 1.13ರಲ್ಲೇ ಬಂದಿತ್ತು.

ಹಳೇ ಕೀಲಿಮಣೆ | ಮಂಗಳವಾರ, ಮಧ್ಯಾಹ್ನ 1:10

ಮೇಡಂ ಹೇಳಿದ್ದನ್ನು ಓದಿ ಹಳೆಯ ದಿನಗಳು ನೆನಪಾದವು. ತೊಂಬತ್ತರ ದಶಕದಲ್ಲಿ ವಿಂಡೋಸ್ ಮೇಲೆ ಕಾಮ್ ಎಂಬ ಪದ್ಧತಿಯಲ್ಲಿ ಬರೆದವರಿಗೆ ಈ ಪ್ರಶ್ನೆ ಹೊಸದಲ್ಲ. ಅಲ್ಲಿ ಪ್ರತಿ ವಸ್ತುವಿಗೂ ಕಡ್ಡಾಯವಾಗಿ ಮೂರು ಮೆಥಡ್. ಎರಡು ಎಣಿಕೆಗೆ, ಹಿಡಿದುಕೊಂಡೆ, ಬಿಟ್ಟೆ ಎಂದು. ಮೂರನೆಯದು ಕ್ವೆರಿಇಂಟರ್‌ಫೇಸ್: ನಿನಗೆ ಇದು ಬರುತ್ತದೆಯೇ?

ಆದರೆ ಅಲ್ಲಿ ನಿಯಮಗಳಿದ್ದವು. ಒಮ್ಮೆ ಬರುತ್ತದೆ ಎಂದ ವಸ್ತು ಮುಂದೆಂದೂ ಬರುವುದಿಲ್ಲ ಎನ್ನುವಂತಿಲ್ಲ. ಒಂದನೆಯ ಇಂಟರ್‌ಫೇಸ್‌ನಿಂದ ಎರಡನೆಯದಕ್ಕೆ ದಾರಿ ಇದ್ದರೆ ಎರಡರಿಂದ ಒಂದಕ್ಕೂ ಇರಬೇಕು. ಯಾವ ದಾರಿಯಿಂದ ಕೇಳಿದರೂ ಮೂಲ ಗುರುತು ಒಂದೇ ಇರಬೇಕು. ಹೊದಿಕೆ ಹಾಕುವವರು ಈ ನಿಯಮಗಳನ್ನು ಪಾಲಿಸಲು ಬೆವರು ಸುರಿಸುತ್ತಿದ್ದರು, ಹಾಗಾಗಿ ಸುಮ್ಮನೆ ಹೊದಿಕೆ ಹಾಕಲು ಕೈ ಮುಂದಾಗುತ್ತಿರಲಿಲ್ಲ. ಗೋದಲ್ಲಿ ಹೊದಿಕೆ ಹಾಕುವುದು ಹತ್ತು ಸಾಲು, ನಿಯಮ ಒಂದೂ ಇಲ್ಲ. ಸುಲಭಕ್ಕೆ ಕೊಟ್ಟ ಬೆಲೆ ಅದು ಎಂದು ನನ್ನ ಅನಿಸಿಕೆ. ಕಾಮ್‌ಗೆ ಹಿಂತಿರುಗಿ ಎಂದರೆ ಮಾತ್ರ ನಾನು ಬರುವುದಿಲ್ಲ.

ಸಂಜೆ ಕಾಫಿ | ಮಂಗಳವಾರ, ಸಂಜೆ 5:40

ನಾನು ಪೈಥಾನ್ ಕಡೆಯವನು. ನಮ್ಮಲ್ಲಿ ಪ್ರೋಟೋಕಾಲ್ ಎಂದು 2019ರ 3.8ರಲ್ಲಿ ಬಂತು, ಗೋದ ಇಂಟರ್‌ಫೇಸ್‌ನದೇ ಜಾತಿ, ಹೆಸರು ಹಿಡಿದು ಒಪ್ಪಂದ ಬರೆಯಬೇಕಿಲ್ಲ. ಓಡುವಾಗಲೂ ಪರೀಕ್ಷಿಸಬೇಕೆಂದರೆ ಅದಕ್ಕೊಂದು ಡೆಕೊರೇಟರ್ ಹಚ್ಚಬೇಕು. ಹಚ್ಚಿದ ಮೇಲೆ ಅದು ನೋಡುವುದು ಹೆಸರು ಮಾತ್ರ! ರೀಡ್ ಎಂಬ ಹೆಸರಿನದು ಏನೋ ಒಂದು ಇದ್ದರೆ ಸಾಕು. ಅದು ಎಷ್ಟು ಆರ್ಗ್ಯುಮೆಂಟ್ ತೆಗೆದುಕೊಳ್ಳುತ್ತದೆ, ಏನು ಕೊಡುತ್ತದೆ, ಯಾವುದನ್ನೂ ಕೇಳುವುದಿಲ್ಲ. ಹೆಸರು ಕ್ಷೀರಸಾಗರ, ಮನೆಯಲ್ಲಿ ಮಜ್ಜಿಗೆಗೆ ಗತಿಯಿಲ್ಲ. ಗೋ ಮೆಥಡ್‌ನ ಸಹಿಯನ್ನೂ (ಏನು ತೆಗೆದುಕೊಂಡು ಏನು ಕೊಡುತ್ತದೆ ಎಂಬುದನ್ನೂ) ಹೋಲಿಸುತ್ತದಲ್ಲ, ನಿಮ್ಮ ಜಗಳ ನಮಗೆ ಐಷಾರಾಮಿಯಾಗಿ ಕಾಣುತ್ತದೆ.

ಟೈಪ್‌ಸ್ಕ್ರಿಪ್ಟ್‌ನವರ ಪಾಡು ಇನ್ನೂ ಕಷ್ಟ. ಅವರ ಇಂಟರ್‌ಫೇಸ್ ಕಂಪೈಲ್ ಆದ ಮೇಲೆ ಉಳಿಯುವುದೇ ಇಲ್ಲ, ಜಾವಾಸ್ಕ್ರಿಪ್ಟ್‌ನಲ್ಲಿ ಅದರ ಒಂದು ಅಕ್ಷರವೂ ಇರುವುದಿಲ್ಲ. ಕೇಳಬೇಕೆಂದರೆ ಕೈಯಾರೆ ಒಂದೊಂದೇ ಪ್ರಾಪರ್ಟಿ ನೋಡಿ ಹೌದು ಎನ್ನುವ ಫಂಕ್ಷನ್ ಬರೆಯಬೇಕು. ಆ ಫಂಕ್ಷನ್ ಸುಳ್ಳು ಹೇಳಿದರೂ ಕಂಪೈಲರ್ ನಂಬುತ್ತದೆ.

ಮೊದಲ ಬೆಂಚು | ಮಂಗಳವಾರ, ಸಂಜೆ 6:15

ಸಹಿ ಹೊಂದಿದರೆ ಅರ್ಥವೂ ಹೊಂದಿದಂತೆ ಅಲ್ಲವೇ ಸರ್? ಜಾವಾದಲ್ಲಿ ಹೆಸರು ಹಿಡಿದು ಬರೆಯುವುದರಿಂದ ಏನು ಲಾಭ ಹಾಗಾದರೆ?

ನೇರಮಾತು | ಮಂಗಳವಾರ, ಸಂಜೆ 6:50

ಅಲ್ಲ, ಅದೇ ತಮಾಷೆ. ಬ್ಯಾಂಕ್ ಖಾತೆ ಎಂಬ ಸ್ಟ್ರಕ್ಟ್ ಇದೆ ಎಂದುಕೊಳ್ಳಿ. ಗ್ರಾಹಕರು ಅರ್ಜಿ ಕೊಟ್ಟರೆ ಖಾತೆ ಮುಚ್ಚಲು ಅದಕ್ಕೊಂದು ಕ್ಲೋಸ್ ಮೆಥಡ್, ಎರರ್ ರಿಟರ್ನ್ ಮಾಡುತ್ತದೆ. ಇನ್ನೊಂದು ಮೂಲೆಯಲ್ಲಿ ಯಾರೋ ಜಾಣರು «ಕೆಲಸ ಮುಗಿದ ಮೇಲೆ ಎಲ್ಲ ವಸ್ತುಗಳನ್ನೂ ನೋಡು, ಕ್ಲೋಸರ್ ಆಗಿದ್ದರೆ ಮುಚ್ಚಿಬಿಡು» ಎಂದು ಬರೆದಿದ್ದಾರೆ. ಅವರ ತಲೆಯಲ್ಲಿದ್ದದ್ದು ಫೈಲ್, ನೆಟ್‌ವರ್ಕ್ ಸಂಪರ್ಕ. ಓಡುವಾಗಿನ ಪರೀಕ್ಷೆ ಖಾತೆಯನ್ನೂ ಹೌದು ಎನ್ನುತ್ತದೆ, ಏಕೆಂದರೆ ಮೆಥಡ್ ಹೆಸರೂ ಸಹಿಯೂ ಅಕ್ಷರಶಃ ಹೊಂದುತ್ತವೆ. ಸಂಜೆ ಆರಕ್ಕೆ ಬ್ಯಾಚ್ ಓಡಿತು, ಆ ದಿನ ವಹಿವಾಟು ನಡೆಸಿದವರ ಖಾತೆಗಳೆಲ್ಲ ಮುಕ್ತಾಯ!

ಜಾವಾದಲ್ಲಿ ಈ ಅಪಘಾತ ಆಗಬೇಕಾದರೆ ಖಾತೆ ಬರೆದವರೇ ಕ್ಲೋಸೆಬಲ್ ಎಂದು ಸಹಿ ಹಾಕಿರಬೇಕು. ಹೆಸರು ಹಿಡಿದು ಬರೆಯುವುದೆಂದರೆ ನಾನು ಈ ಅರ್ಥದಲ್ಲೇ ಹೇಳುತ್ತಿದ್ದೇನೆ ಎಂಬ ಒಪ್ಪಿಗೆ. ಕಂಪೈಲ್ ಹೊತ್ತಿನಲ್ಲಿ ಗೋದ ಪದ್ಧತಿ ಅಪಾಯಕಾರಿಯಲ್ಲ, ಏಕೆಂದರೆ ಯಾವ ವಸ್ತುವನ್ನು ಎಲ್ಲಿಗೆ ಕೊಡುತ್ತಿದ್ದೇವೆ ಎಂದು ನಾವೇ ಬರೆಯುತ್ತೇವೆ. ಎನಿ ಎಂಬ ಗೋಣಿಚೀಲಕ್ಕೆ ಎಲ್ಲವನ್ನೂ ತುಂಬಿ, ಇನ್ನೆಲ್ಲೋ ಕೈ ಹಾಕಿ ತಡಕುವಾಗ ಮಾತ್ರ ಇದು ಕಚ್ಚುತ್ತದೆ.

ಪಡಸಾಲೆ | ಮಂಗಳವಾರ, ರಾತ್ರಿ 8:02

ಈ ಉದಾಹರಣೆಗೆ ನನ್ನ ಪೂರ್ಣ ಅಂಕ.

ಮಳೆಹನಿ | ಬುಧವಾರ, ರಾತ್ರಿ 9:30

ನಿಮ್ಮ ಚರ್ಚೆ ನೋಡುತ್ತ ನಮ್ಮ ಕೋಡ್‌ನಲ್ಲಿ ಎನಿ ಎಲ್ಲೆಲ್ಲಿದೆ ಎಂದು ಹುಡುಕಲು ಕುಳಿತೆ. ಒಂದು ಕಡೆ ಸಿಕ್ಕಿದ್ದನ್ನು ನೋಡಿ ಊಟ ಸೇರಲಿಲ್ಲ.

ಹೊರಗಿನಿಂದ ಜೇಸನ್ ರೂಪದ (ಪಠ್ಯವಾಗಿ ಬರೆದ) ಡೇಟಾ ಬರುತ್ತದೆ, ಅದರಲ್ಲಿ ರಸೀದಿ ಸಂಖ್ಯೆ 17 ಅಂಕಿ. ಯಾರೋ (ಲಾಗ್ ನೋಡಿದೆ, ನಾನೇ) ಅದನ್ನು ಎನಿಗಳ ಮ್ಯಾಪ್‌ಗೆ ಡಿಕೋಡ್ ಮಾಡಿ, «ಒಳಗಿರುವುದು ಇಂಟ್» (ಪೂರ್ಣಾಂಕ) ಎಂದು ಒಂದು ಉತ್ತರದ ರೂಪದಲ್ಲಿ ಕೇಳಿದ್ದಾರೆ. ಮೊದಲ ಪರೀಕ್ಷೆಯಲ್ಲೇ ಪ್ಯಾನಿಕ್: ಇಂಟರ್‌ಫೇಸ್ ಒಳಗಿರುವುದು ಫ್ಲೋಟ್64 (ದಶಮಾಂಶ ಸಂಖ್ಯೆಯ ಟೈಪ್), ಇಂಟ್ ಅಲ್ಲ. ಆಗ ನಾನು ಮಾಡಿದ್ದು ಫ್ಲೋಟ್64 ಎಂದು ಕೇಳಿ ಇಂಟ್64ಕ್ಕೆ ಬದಲಾಯಿಸಿದ್ದು. ಪ್ಯಾನಿಕ್ ನಿಂತಿತು, ಖುಷಿಯಾದೆ. ಇಂದು ಒಂದು ಸಂಖ್ಯೆ ಹಾಕಿ ನೋಡಿದೆ: 20240611000012345 ಒಳಗೆ ಹೋಗಿ 20240611000012344 ಆಗಿ ಹೊರಬಂತು.

ಹಳೇ ಕೀಲಿಮಣೆ | ಬುಧವಾರ, ರಾತ್ರಿ 10:05

ಫ್ಲೋಟ್64 ಎಲ್ಲ ಪೂರ್ಣಾಂಕಗಳನ್ನೂ ತಪ್ಪಿಲ್ಲದೆ ಹಿಡಿಯುವುದು 9007199254740992ರವರೆಗೆ ಮಾತ್ರ, ಎರಡರ 53ನೆಯ ಘಾತ. ನಿಮ್ಮ ಸಂಖ್ಯೆ ಇರುವ ಎತ್ತರದಲ್ಲಿ ಅದು ನಾಲ್ಕು ನಾಲ್ಕರ ಹೆಜ್ಜೆಯಲ್ಲಿ ನಡೆಯುತ್ತದೆ. 12345 ಎಂಬಲ್ಲಿ ಕಾಲಿಡಲು ಮೆಟ್ಟಿಲಿಲ್ಲ, ಹತ್ತಿರದ 12344ರ ಮೇಲೆ ನಿಂತಿತು.

ಇದನ್ನು ಟೈಪ್ ಪರೀಕ್ಷೆಯ ತಪ್ಪು ಎನ್ನಬೇಡಿ. ಆ ಪ್ಯಾನಿಕ್ ನಿಮಗೆ ನಿಜವನ್ನೇ ಹೇಳಿತ್ತು: «ನೀವು ಇಂಟ್ ಎಂದುಕೊಂಡದ್ದು ಇಂಟ್ ಅಲ್ಲ». ನೀವು ದೂತನ ಬಾಯಿ ಮುಚ್ಚಿಸಿದಿರಿ. ಎನಿ ಒಳಗೆ ಬಂದ ಸಂಖ್ಯೆಗೆ, ನಾವು ಬೇರೆ ಹೇಳದಿದ್ದರೆ, ಜೇಸನ್ ಪ್ಯಾಕೇಜ್ ಫ್ಲೋಟ್64 ಕೊಡುತ್ತದೆ. ರಸೀದಿಗೆ ಸ್ಟ್ರಕ್ಟ್ ಬರೆದು, ಸಂಖ್ಯೆಗೆ ಇಂಟ್64 ಎಂದು ಹೇಳಿ ಡಿಕೋಡ್ ಮಾಡಿ. ಇನ್ನೂ ಒಳ್ಳೆಯದೆಂದರೆ ಸ್ಟ್ರಿಂಗ್. ರಸೀದಿ ಸಂಖ್ಯೆಯನ್ನು ಯಾರೂ ಕೂಡುವುದಿಲ್ಲ, ಕಳೆಯುವುದಿಲ್ಲ. ಆದರೆ ಕಳಿಸುವವರು ಉದ್ಧರಣ ಚಿಹ್ನೆ ಹಾಕಿ ಕಳಿಸಬೇಕು, ಅವರನ್ನು ಒಪ್ಪಿಸುವುದು ನಿಮ್ಮ ಪಾಡು.

ಪಡಸಾಲೆ | ಬುಧವಾರ, ರಾತ್ರಿ 10:40

ಮಳೆಹನಿ ಅವರೇ, ನಿಮ್ಮ ಕೋಡ್‌ನಲ್ಲಿ ಹುಡುಕುತ್ತಿರುವಾಗಲೇ ಇನ್ನೊಂದನ್ನು ನೋಡಿಬಿಡಿ. ಮೆಥಡ್‌ಗಳನ್ನು ಪಾಯಿಂಟರ್ ಮೇಲೆ ಬರೆದು, ಎನಿ ಒಳಗೆ ಪಾಯಿಂಟರ್ ಬದಲು ಸ್ಟ್ರಕ್ಟ್ ಅನ್ನೇ ಹಾಕಿದ್ದರೆ ಪರೀಕ್ಷೆ ಇಲ್ಲ ಎನ್ನುತ್ತದೆ. ನೇರವಾಗಿ ಇಂಟರ್‌ಫೇಸ್‌ಗೆ ಕೊಟ್ಟಿದ್ದರೆ ಕಂಪೈಲರ್ ಅಲ್ಲೇ ತಡೆದು, ಈ ಮೆಥಡ್ ಪಾಯಿಂಟರ್‌ನದು ಎಂದು ಬೈಯುತ್ತಿತ್ತು. ಎನಿ ದಾರಿಯಲ್ಲಿ ಬೈಯುವವರಿಲ್ಲ.

ನಾನು ಈಗ ಪ್ರತಿ ಮುಖ್ಯ ಟೈಪ್‌ನ ಕೆಳಗೆ ಒಂದು ಸಾಲು ಬರೆಯುತ್ತೇನೆ: ಅಡಿಗೆರೆ ಹೆಸರಿನ ವೇರಿಯಬಲ್, ಅದರ ಟೈಪ್ ಬೇಕಾದ ಇಂಟರ್‌ಫೇಸ್, ಅದಕ್ಕೆ ಆ ಟೈಪ್‌ನ ನಿಲ್ ಪಾಯಿಂಟರ್. ಓಡುವಾಗ ಅದರಿಂದ ಏನೂ ಆಗುವುದಿಲ್ಲ. ಯಾರಾದರೂ ಮೆಥಡ್ ಹೆಸರು ಬದಲಿಸಿದ ದಿನ ಕಂಪೈಲ್ ಆಗುವುದಿಲ್ಲ, ಅಷ್ಟೇ ಅದರ ಕೆಲಸ. ಮೊದಲ ಬೆಂಚಿನವರು ಕೇಳಿದ ಜಾವಾದ ಒಪ್ಪಿಗೆ ಸಹಿ ಇದೇ, ಬೇಕಾದವರು ಹಾಕಿಕೊಳ್ಳಬಹುದು.

ನೇರಮಾತು | ಬುಧವಾರ, ರಾತ್ರಿ 11:12

ನೋಡಿ, ಕೊನೆಗೆ ಎಲ್ಲರೂ ಕಂಪೈಲರ್ ಮನೆಗೇ ಬಂದಿರಿ.

ಪಡಸಾಲೆ | ಬುಧವಾರ, ರಾತ್ರಿ 11:20

ಬಂದೆವು, ಆದರೆ ಸೆಂಡ್‌ಫೈಲ್ ಬಿಟ್ಟುಕೊಟ್ಟು ಬಂದಿಲ್ಲ. ಕಾಪಿ ಫಂಕ್ಷನ್‌ಗೆ ಇಲ್ಲ ಎಂಬ ಉತ್ತರ ಸಿಕ್ಕರೆ ನಿಧಾನದ ದಾರಿ ಇದೆ, ಕೆಲಸ ಸರಿಯಾಗಿಯೇ ಮುಗಿಯುತ್ತದೆ. ನನ್ನ ಫ್ಲಶ್ ಪ್ರಶ್ನೆಗೆ ಇಲ್ಲ ಎಂದು ಬಂದಾಗ ಬೇರೆ ದಾರಿಯೇ ಇರಲಿಲ್ಲ, ಆದರೂ ಸುಮ್ಮನಿದ್ದೆ. ಎರಡೂ ಒಂದೇ ಸಾಲಿನ ಕೋಡ್, ಎರಡನ್ನೂ ಒಂದೇ ತಕ್ಕಡಿಯಲ್ಲಿ ಹಾಕುವುದನ್ನು ನಾನು ಒಪ್ಪುವುದಿಲ್ಲ.

ನೇರಮಾತು | ಗುರುವಾರ, ಬೆಳಿಗ್ಗೆ 8:15

ಇದಕ್ಕೆ ನನ್ನಲ್ಲಿ ಸದ್ಯ ಉತ್ತರವಿಲ್ಲ. ಹೊದಿಕೆ ಹಾಕಿದಾಗ ಕಳೆದುಹೋದ ವೇಗವನ್ನು ಯಾರು ಗಮನಿಸುತ್ತಾರೆ ಎಂಬ ನನ್ನ ಪ್ರಶ್ನೆಗೂ ನಿಮ್ಮಿಂದ ಉತ್ತರ ಬಂದಿಲ್ಲ.

ಮಳೆಹನಿ | ಗುರುವಾರ, ರಾತ್ರಿ 9:50

ವರದಿ ಒಪ್ಪಿಸುತ್ತೇನೆ. ಎನಿ ಮ್ಯಾಪ್ ತೆಗೆದು ಸ್ಟ್ರಕ್ಟ್ ಬರೆದೆ. ಸ್ಟ್ಯಾಟಿಕ್‌ಚೆಕ್ ಎಂಬ ಉಪಕರಣ ಓಡಿಸಿದೆ. ಸೋಮವಾರದ ನಿಲ್ ಹೋಲಿಕೆಯಂಥದ್ದೇ ಇನ್ನೊಂದನ್ನು, ಬೇರೆ ಫೈಲ್‌ನಲ್ಲಿ, ಅದು ಹಿಡಿದುಕೊಟ್ಟಿತು. ಅದನ್ನೂ ಬರೆದವನು ನಾನೇ. ಅಡಿಗೆರೆ ಸಾಲುಗಳನ್ನು ನಾಲ್ಕು ಟೈಪ್‌ಗಳಿಗೆ ಸೇರಿಸಿದೆ, ಮೂರು ಕಂಪೈಲ್ ಆದವು.

ನಾಲ್ಕನೆಯದು ಆಗುತ್ತಿಲ್ಲ. ರಸೀದಿಯನ್ನು ಸ್ಟ್ರಿಂಗ್ ಆಗಿ ಮುದ್ರಿಸುವ ಮೆಥಡ್‌ನ ಹೆಸರನ್ನು ನಾನು ಸಣ್ಣಕ್ಷರದಲ್ಲಿ ಆರಂಭಿಸಿದ್ದೆ, ಇಂಟರ್‌ಫೇಸ್ ಕೇಳುವುದು ದೊಡ್ಡಕ್ಷರದ್ದು, ಗೋಗೆ ಅವೆರಡೂ ಬೇರೆ ಬೇರೆ ಹೆಸರು. ಎಂಟು ತಿಂಗಳಿಂದ ಅದನ್ನು ಯಾರೂ ಕರೆದೇ ಇಲ್ಲ.